ಹೈಡ್ರೋಜನ್, ಅಣು, ಸೋಲಾರ್: ಕರೂರಿನ ಗದ್ದೆಯಿಂದ ನೋಡಿದರೆ ಕರೆಂಟಿನ ಲೆಕ್ಕ ಬೇರೇನೇ ಇದೆ

2025ರ ಕೊನೆಯಲ್ಲಿ ಬಳ್ಳಾರಿ ಜಿಲ್ಲೆಗೆ ಎರಡು ಸುದ್ದಿಗಳು ಹೆಚ್ಚು ಕಡಿಮೆ ಒಟ್ಟಿಗೇ ಬಂದವು. ಮೊದಲನೆಯದು ತೋರಣಗಲ್ಲಿನದು. ಜೆಎಸ್‌ಡಬ್ಲ್ಯು ಎನರ್ಜಿ ತನ್ನ ಹಸಿರು ಹೈಡ್ರೋಜನ್ ಘಟಕ ಶುರುವಾಯಿತು, ಇದು ದೇಶದಲ್ಲೇ ದೊಡ್ಡದು ಅಂತ ಹೇಳಿಕೊಂಡಿತು. ಎರಡನೆಯದು ತುಂಗಭದ್ರಾ ಜಲಾಶಯದ್ದು. ಗೇಟುಗಳನ್ನು ಬದಲಿಸಬೇಕಾಗಿರೋದರಿಂದ ಈ ಸಲ ಎರಡನೇ ಬೆಳೆಗೆ ನೀರಿಲ್ಲ ಅನ್ನೋ ತೀರ್ಮಾನ.

ಮೊದಲ ಸುದ್ದಿ ದೇಶದ ಬಿಸಿನೆಸ್ ಪುಟಗಳಲ್ಲಿ ಬಂತು. ಎರಡನೆಯದು ಕರೂರು, ತೆಕ್ಕಲಕೋಟೆ, ಹಚ್ಚೊಳ್ಳಿ, ಕುರುಗೋಡು ಸೀಮೆಯ ಮನೆಗಳ ಒಳಗೇ ಬಂತು. ಸಿರುಗುಪ್ಪ ತಾಲೂಕನ್ನು ಭತ್ತದ ಕಣಜ ಅಂತಾರೆ. ಎರಡನೇ ಬೆಳೆ ಇಲ್ಲ ಅಂದರೆ ಗದ್ದೆ ಮಾಲೀಕನಿಗೆ ಅರ್ಧ ವರ್ಷದ ಆದಾಯ ಇಲ್ಲ. ಗುತ್ತಿಗೆಗೆ ಹಿಡಿದವನಿಗೆ ಸಾಲ ತೀರಿಸೋ ದಾರಿ ಇಲ್ಲ, ನಾಟಿ ಮಾಡೋ ಹೆಣ್ಣುಮಕ್ಕಳಿಗೆ ಕೂಲಿ ಇಲ್ಲ.

ಒಂದೇ ಜಿಲ್ಲೆಯ ಈ ಎರಡು ಸುದ್ದಿಗಳನ್ನು ಒಟ್ಟಿಗೆ ಓದಿದಾಗ ಸಹಜವಾಗಿ ಏಳೋ ಪ್ರಶ್ನೆ: "ನಮಗೆ ನೀರಿಲ್ಲ, ನೀರನ್ನ ಒಡೆದು ಗ್ಯಾಸ್ ಮಾಡೋ ಕಂಪನಿಗೆ ಮಾತ್ರ ನೀರೈತಾ?" ಪ್ರಶ್ನೆ ನ್ಯಾಯವಾದದ್ದು. ಆದರೆ ಉತ್ತರ ನಾವು ಅಂದುಕೊಂಡ ಹಾಗಿಲ್ಲ. ಹೈಸ್ಕೂಲಿನ ಭೌತಶಾಸ್ತ್ರ, ರಸಾಯನಶಾಸ್ತ್ರ ಹಿಡಿದುಕೊಂಡು ಲೆಕ್ಕ ಹಾಕಿದರೆ ಸಿಟ್ಟು ಯಾರ ಕಡೆ ತಿರುಗಬೇಕು ಅನ್ನೋದೇ ಬದಲಾಗುತ್ತೆ. ಹಾಕೋಣ.

ಹೈಡ್ರೋಜನ್ ಇಂಧನದ ಗಣಿ ಅಲ್ಲ, ಡಬ್ಬಿ

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಬೇಕು. ಕಲ್ಲಿದ್ದಲನ್ನು ನೆಲದಿಂದ ಅಗೆದು ತೆಗೆಯುವ ಹಾಗೆ ಹೈಡ್ರೋಜನ್ ತೆಗೆಯೋಕೆ ಆಗಲ್ಲ. ತೋರಣಗಲ್ಲಿನಲ್ಲಿ ನಡೆಯೋದು ನೀರಿಗೆ ಕರೆಂಟು ಹಾಯಿಸಿ ಹೈಡ್ರೋಜನ್ನನ್ನೂ ಆಕ್ಸಿಜನ್ನನ್ನೂ ಬೇರೆ ಮಾಡೋ ಕೆಲಸ. ಅಂದರೆ ಮೊದಲು ಕರೆಂಟು ಬೇಕು. ಹೈಡ್ರೋಜನ್ ಆ ಕರೆಂಟನ್ನು ತುಂಬಿಡೋ ಡಬ್ಬಿ, ಅದೂ ಸೋರೋ ಡಬ್ಬಿ. ಒಂದು ಕೆಜಿ ಹೈಡ್ರೋಜನ್ ಮಾಡೋಕೆ ಸಿದ್ಧಾಂತದ ಪ್ರಕಾರ ಸುಮಾರು 39 ಯೂನಿಟ್ ಸಾಕು. ನಿಜವಾದ ಯಂತ್ರಗಳಲ್ಲಿ 50ರಿಂದ 55 ಯೂನಿಟ್ ಹೋಗುತ್ತೆ. ಅದೇ ಹೈಡ್ರೋಜನ್ನಿಂದ ವಾಪಸ್ ಕರೆಂಟ್ ತೆಗೆದರೆ ಹಾಕಿದ್ದರಲ್ಲಿ ಮೂರನೇ ಒಂದು ಭಾಗ ಸಿಕ್ಕರೆ ಹೆಚ್ಚು.

ಹಾಗಾಗಿ "ಮುಂದೆ ಹೈಡ್ರೋಜನ್ನಿಂದ ಮನೆಗೆ ಕರೆಂಟ್, ಬೈಕಿಗೆ ಹೈಡ್ರೋಜನ್" ಅನ್ನೋ ಮಾತನ್ನು ಅನುಮಾನದಿಂದಲೇ ಕೇಳಿ. ಉಕ್ಕಿನ ವಿಷಯ ಬೇರೆ. ಅದಿರು ಅಂದರೆ ಕಬ್ಬಿಣ ಮತ್ತು ಆಕ್ಸಿಜನ್ ಸೇರಿಕೊಂಡ ಕಲ್ಲು. ಆ ಆಕ್ಸಿಜನ್ನನ್ನು ಕಿತ್ತು ತೆಗೆಯೋಕೆ ಈಗ ಕಲ್ಲಿದ್ದಲು ಬಳಸ್ತಾರೆ, ಅದರಿಂದ ಇಂಗಾಲದ ಡೈಆಕ್ಸೈಡ್ ಹೊರಬರುತ್ತೆ. ಹೈಡ್ರೋಜನ್ ಬಳಸಿದರೆ ಬರೋದು ನೀರಿನ ಆವಿ. ಉಕ್ಕಿನಲ್ಲಿ ಹೈಡ್ರೋಜನ್‌ಗೆ ನಿಜವಾದ ಕೆಲಸ ಇದೆ.

ಎಷ್ಟು ಕೆಲಸ? ತೋರಣಗಲ್ಲಿನ ಘಟಕದ ಸಾಮರ್ಥ್ಯ ವರ್ಷಕ್ಕೆ 3,800 ಟನ್. ರಾಸಾಯನಿಕ ಸಮೀಕರಣದ ಪ್ರಕಾರ ಒಂದು ಟನ್ ಕಬ್ಬಿಣಕ್ಕೆ ಸುಮಾರು 54 ಕೆಜಿ ಹೈಡ್ರೋಜನ್ ಬೇಕು. ಭಾಗಿಸಿದರೆ 3,800 ಟನ್‌ಗೆ ಸಿಗೋದು ಸುಮಾರು 70 ಸಾವಿರ ಟನ್ ಕಬ್ಬಿಣ. ಅಲ್ಲಿನ ಉಕ್ಕು ಕಾರ್ಖಾನೆಯ ಸಾಮರ್ಥ್ಯ ವರ್ಷಕ್ಕೆ 1.2 ಕೋಟಿ ಟನ್‌ಗೂ ಹೆಚ್ಚು. ಅಂದರೆ "ಹಸಿರು" ಆಗಿರೋದು ನೂರು ಟನ್‌ನಲ್ಲಿ ಅರ್ಧ ಟನ್‌ನ ಆಸುಪಾಸು. ಇದು ಸುಳ್ಳು ಅಂತ ಹೇಳ್ತಿಲ್ಲ, ಶುರುವಾತು ಅಂತ ಒಪ್ಪೋಣ. ಆದರೆ ಉಳಿದ ತೊಂಬತ್ತೊಂಬತ್ತು ಟನ್‌ನ ಹೊಗೆ ಸಂಡೂರು, ತೋರಣಗಲ್ಲು, ಕುಡಿತಿನಿಯ ಜನರ ಎದೆಯೊಳಗೇ ಇದೆ ಅನ್ನೋದನ್ನು ಮರೆಯೋದು ಬೇಡ.

ಹಾಗಾದರೆ ನೀರು ಕುಡಿಯೋದು ಯಾರು?

ಈಗ ನೀರಿನ ಪ್ರಶ್ನೆ. ಒಂದು ಕೆಜಿ ಹೈಡ್ರೋಜನ್‌ಗೆ 9 ಲೀಟರ್ ನೀರು ಒಡೆಯಬೇಕು. ಶುದ್ಧೀಕರಣ, ತಂಪು ಮಾಡೋದು ಎಲ್ಲ ಸೇರಿದರೆ ಅದರ ಎರಡು ಮೂರು ಪಟ್ಟು ಅಂತಿಟ್ಟುಕೊಳ್ಳಿ. 3,800 ಟನ್‌ಗೆ ವರ್ಷಕ್ಕೆ ಹತ್ತು ಕೋಟಿ ಲೀಟರ್ ಆಯಿತು. ಕೇಳೋಕೆ ದೊಡ್ಡದು. ಆದರೆ ಒಂದು ಟಿಎಂಸಿ ಅಂದರೆ ಸುಮಾರು 2,830 ಕೋಟಿ ಲೀಟರ್. ಹೈಡ್ರೋಜನ್ ಘಟಕ ಕುಡಿಯೋದು ಒಂದು ಟಿಎಂಸಿಯ ಇನ್ನೂರೈವತ್ತನೇ ಒಂದು ಭಾಗಕ್ಕಿಂತ ಹೆಚ್ಚಿಲ್ಲ. ಭತ್ತದ ಲೆಕ್ಕದಲ್ಲಿ ಹೇಳಬೇಕು ಅಂದರೆ, ಒಂದು ಎಕರೆ ಗದ್ದೆಗೆ ಒಂದು ಬೆಳೆಗೆ ಸುಮಾರು 48 ಲಕ್ಷ ಲೀಟರ್ ಹಿಡಿದರೆ, ಇದು ಇಪ್ಪತ್ತೆಕರೆಯ ಚಿಲ್ಲರೆ ಗದ್ದೆಯ ನೀರು.

ಹಾಗಾಗಿ "ಹೈಡ್ರೋಜನ್ ನಮ್ಮ ನೀರು ಕುಡೀತು" ಅನ್ನೋ ಘೋಷಣೆ ಲೆಕ್ಕದಲ್ಲಿ ನಿಲ್ಲಲ್ಲ. ನಿಜವಾಗಿ ನೀರು ಕುಡಿಯೋ ಯಂತ್ರ ನಮ್ಮ ಕಣ್ಣೆದುರೇ ಇದೆ, ಅದರ ಆಕಾರ ದೊಡ್ಡ ಗಡಿಗೆಯ ಹಾಗೆ, ಮೇಲಿಂದ ಬಿಳಿ ಮೋಡ ಏಳ್ತಿರುತ್ತೆ. ಅದು ಹೊಗೆ ಅಲ್ಲ, ಆವಿ.

ಕುಡಿತಿನಿಯ ಬಳ್ಳಾರಿ ಶಾಖೋತ್ಪನ್ನ ಸ್ಥಾವರ, ಅಂದರೆ ಬಿಟಿಪಿಎಸ್, ಒಟ್ಟು 1,700 ಮೆಗಾವ್ಯಾಟ್ ಸಾಮರ್ಥ್ಯದ್ದು. ಕಲ್ಲಿದ್ದಲು ಸುಟ್ಟು, ಹಬೆ ಮಾಡಿ, ಟರ್ಬೈನ್ ತಿರುಗಿಸಿದಾಗ ಶಾಖದಲ್ಲಿ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಕರೆಂಟಾಗುತ್ತೆ. ಉಳಿದದ್ದನ್ನು ಎಲ್ಲಾದರೂ ಚೆಲ್ಲಲೇಬೇಕು. ಇದು ಎಂಜಿನಿಯರುಗಳ ಸೋಮಾರಿತನ ಅಲ್ಲ, ಉಷ್ಣಗತಿ ಶಾಸ್ತ್ರದ ನಿಯಮ. ಚೆಲ್ಲೋ ದಾರಿ ಅಂದರೆ ನೀರನ್ನು ಆವಿ ಮಾಡೋದು. 2015ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಇಂಥ ಸ್ಥಾವರಗಳಿಗೆ ಒಂದು ಯೂನಿಟ್‌ಗೆ 3.5 ಲೀಟರ್ ಅಂತ ನೀರಿನ ಮಿತಿ ಹಾಕಿತು. 1,700 ಮೆಗಾವ್ಯಾಟ್ ಸ್ಥಾವರ ಶೇ. 60ರಷ್ಟು ಓಡಿತು ಅಂತಿಟ್ಟುಕೊಂಡು ಆ ಮಿತಿಯಲ್ಲೇ ಲೆಕ್ಕ ಹಾಕಿ: ವರ್ಷಕ್ಕೆ ಒಂದು ಟಿಎಂಸಿಗೂ ಸ್ವಲ್ಪ ಹೆಚ್ಚು. ಅಂದರೆ ಸುಮಾರು ಆರು ಸಾವಿರ ಎಕರೆ ಭತ್ತದ ನೀರು.

ನೂರು ಟಿಎಂಸಿಯ ಜಲಾಶಯದಲ್ಲಿ ಒಂದು ಟಿಎಂಸಿ ಸಣ್ಣದು ಅಂತ ಅಧಿಕಾರಿಗಳು ಹೇಳಬಹುದು. ಸರಿ. ಆದರೆ ಗದ್ದೆಗೆ ಬಿಟ್ಟ ನೀರಿನಲ್ಲಿ ಒಂದು ಪಾಲು ಬಸಿದು ಹಳ್ಳಕ್ಕೋ ಅಂತರ್ಜಲಕ್ಕೋ ಸೇರುತ್ತೆ. ಗೋಪುರದಿಂದ ಆವಿಯಾಗಿದ್ದು ಈ ಸೀಮೆಗೆ ವಾಪಸ್ ಬರಲ್ಲ. ಇನ್ನೊಂದು ವಿಷಯ: ಬರಗಾಲದಲ್ಲಿ ಮೊದಲು ನಿಲ್ಲೋದು ಕಾಲುವೆ. ಕೈಗಾರಿಕೆಯ ಪೈಪು ನಿಂತ ಸುದ್ದಿಯನ್ನು ನೀವು ಎಷ್ಟು ಸಲ ಓದಿದ್ದೀರಿ?

ಜಲಾಶಯದ ಸ್ಥಿತಿಯನ್ನೂ ನೋಡಿ. 1950ರ ದಶಕದಲ್ಲಿ 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರೆ ಹೂಳು ತುಂಬಿ ಈಗ ಹಿಡಿಯೋದು ಸುಮಾರು 105 ಟಿಎಂಸಿ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತು. ಮರು ವರ್ಷ ಗೇಟುಗಳ ಮೇಲೆ ಭಾರ ಬೀಳದ ಹಾಗೆ ಸಂಗ್ರಹವನ್ನೇ 80 ಟಿಎಂಸಿಯ ಆಸುಪಾಸಿಗೆ ಮಿತಿಗೊಳಿಸಿದರು. ಹೂಳಿನಲ್ಲಿ ಹೋದದ್ದು 28 ಟಿಎಂಸಿ, ಗೇಟಿನ ದೆಸೆಯಿಂದ ಹೋದದ್ದು 25 ಟಿಎಂಸಿ. ಸಿರುಗುಪ್ಪದ ಎರಡನೇ ಬೆಳೆ ನುಂಗಿದ್ದು ಹೈಡ್ರೋಜನ್ ಅಲ್ಲ, ದಶಕಗಳ ಕಾಲ ನಿರ್ವಹಣೆಗೆ ದುಡ್ಡು ಹಾಕದ ಸರ್ಕಾರಗಳು. ಎಲ್ಲ ಪಕ್ಷದ ಸರ್ಕಾರಗಳೂ.

ಅಣು: ಒಂದು ಕೆಜಿಯ ಮಾಯೆ ಮತ್ತು ಆರದ ಒಲೆ

2025ರ ಬಜೆಟ್‌ನಲ್ಲಿ ಕೇಂದ್ರ ಸರ್ಕಾರ 2047ಕ್ಕೆ ಒಂದು ಲಕ್ಷ ಮೆಗಾವ್ಯಾಟ್ ಅಣುವಿದ್ಯುತ್ ಅಂತ ಗುರಿ ಹೇಳಿತು. ಅದೇ ಡಿಸೆಂಬರ್‌ನಲ್ಲಿ ಸಂಸತ್ತು 'ಶಾಂತಿ' ಹೆಸರಿನ ಮಸೂದೆ ಅಂಗೀಕರಿಸಿ, ಅಣು ಸ್ಥಾವರಗಳಿಗೆ ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆಯಿತು. ಪಕ್ಕದ ಕೊಪ್ಪಳ ಜಿಲ್ಲೆಯಲ್ಲಿ ಅಣು ಸ್ಥಾವರಕ್ಕೆ ಜಾಗ ಹುಡುಕುವ ಸುದ್ದಿ ಬಂದಾಗ ವಿರೋಧವೂ ಎದ್ದಿತು. ಇದು ದೂರದ ಕೈಗಾದ ಕಥೆ ಅಷ್ಟೇ ಅಲ್ಲ, ತುಂಗಭದ್ರೆಯ ದಂಡೆಗೂ ಬರಬಹುದಾದ ಕಥೆ.

ಅಣುವಿನ ಪರ ಇರೋ ವಾದ ಗಟ್ಟಿ ವಾದ, ಅದನ್ನು ಮೊದಲು ಪ್ರಾಮಾಣಿಕವಾಗಿ ಹೇಳಬೇಕು. ಕಲ್ಲಿದ್ದಲು ಸುಟ್ಟಾಗ ಬದಲಾಗೋದು ಪರಮಾಣುವಿನ ಹೊರಗಿನ ಎಲೆಕ್ಟ್ರಾನುಗಳ ಜೋಡಣೆ ಮಾತ್ರ. ಯುರೇನಿಯಂ ಒಡೆದಾಗ ನ್ಯೂಕ್ಲಿಯಸ್ಸೇ ಒಡೆಯುತ್ತೆ, ಹೊರಬರೋ ಶಕ್ತಿ ಲಕ್ಷಾಂತರ ಪಟ್ಟು. ಕೈಗಾದಂಥ ಭಾರಜಲ ಸ್ಥಾವರದಲ್ಲಿ ಒಂದು ಕೆಜಿ ನೈಸರ್ಗಿಕ ಯುರೇನಿಯಂನಿಂದ ಹತ್ತಿರ ಹತ್ತಿರ 50 ಸಾವಿರ ಯೂನಿಟ್ ಸಿಗುತ್ತೆ. ಅಷ್ಟೇ ಕರೆಂಟಿಗೆ ನಮ್ಮ ಕಲ್ಲಿದ್ದಲು 30 ಟನ್ನಿಗೂ ಹೆಚ್ಚು ಬೇಕು. ಹೊಗೆ ಇಲ್ಲ, ಬೂದಿ ಇಲ್ಲ. ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ ಒಂದೇ ಸಮನೆ 962 ದಿನ ಓಡಿ ಆಗ ವಿಶ್ವದಾಖಲೆ ಮಾಡಿತ್ತು. ಹಗಲು ರಾತ್ರಿ ಒಂದೇ ಹದದಲ್ಲಿ ಕರೆಂಟ್ ಕೊಡೋದರಲ್ಲಿ ಅದಕ್ಕೆ ಸಾಟಿ ಕಡಿಮೆ.

ಆದರೆ ಎರಡು ವಿಷಯಗಳು ಜಾಹೀರಾತಿನಲ್ಲಿ ಬರಲ್ಲ.

ಒಂದು, ನೀರು. ಅಣು ಸ್ಥಾವರವೂ ಕೊನೆಗೆ ಹಬೆಯ ಯಂತ್ರವೇ. ಭಾರಜಲ ಸ್ಥಾವರದಲ್ಲಿ ಶಾಖದ ಶೇ. 30ರಷ್ಟು ಮಾತ್ರ ಕರೆಂಟಾಗುತ್ತೆ. ಕಲ್ಲಿದ್ದಲು ಸ್ಥಾವರದಲ್ಲಿ ಒಂದಿಷ್ಟು ಶಾಖ ಚಿಮಣಿಯಿಂದ ಹೋಗುತ್ತೆ, ಇಲ್ಲಿ ಚಿಮಣಿಯೇ ಇಲ್ಲ, ಹಾಗಾಗಿ ಪೂರ್ತಿ ಭಾರ ನೀರಿನ ಮೇಲೆ. ಕೂಲಿಂಗ್ ಟವರ್ ಇದ್ದರೆ ಒಂದು ಯೂನಿಟ್‌ಗೆ ಎರಡೂವರೆ ಲೀಟರ್ ಆಸುಪಾಸು ಆವಿಯಾಗಿಯೇ ಹೋಗುತ್ತೆ. ಸಾವಿರ ಮೆಗಾವ್ಯಾಟಿನ ಸ್ಥಾವರ ಚೆನ್ನಾಗಿ ಓಡಿದರೆ ವರ್ಷಕ್ಕೆ ಮುಕ್ಕಾಲು ಟಿಎಂಸಿ. ಕೈಗಾಗೆ ಕಾಳಿ ನದಿಯ ಕದ್ರಾ ಜಲಾಶಯ ಇದೆ, ಪಶ್ಚಿಮಘಟ್ಟದ ಮಳೆ ಇದೆ. ಬಯಲುಸೀಮೆಗೆ ಏನಿದೆ?

ಎರಡು, ಅಣು ಒಲೆ ಸ್ವಿಚ್ ಒತ್ತಿದ ತಕ್ಷಣ ಆರಲ್ಲ. ಸ್ಥಾವರ ನಿಲ್ಲಿಸಿದ ಮೇಲೂ ಒಡೆದ ಚೂರುಗಳು ವಿಕಿರಣ ಸೂಸುತ್ತಾ ಬಿಸಿಯಾಗ್ತಾನೇ ಇರುತ್ತವೆ. ನಿಲ್ಲಿಸಿದ ಕ್ಷಣದಲ್ಲಿ ಪೂರ್ತಿ ಶಾಖದ ಶೇ. 6ರಿಂದ 7, ಒಂದು ದಿನದ ಮೇಲೂ ಶೇ. ಅರ್ಧಕ್ಕಿಂತ ಹೆಚ್ಚು. 700 ಮೆಗಾವ್ಯಾಟಿನ ಘಟಕದಲ್ಲಿ ಅರ್ಧ ಪರ್ಸೆಂಟ್ ಅಂದರೂ ಹತ್ತು ಮೆಗಾವ್ಯಾಟಿನಷ್ಟು ಶಾಖ. ಅದನ್ನು ತಿಂಗಳುಗಟ್ಟಲೆ ತಂಪು ಮಾಡ್ತಾ ಇರಬೇಕು. 2011ರಲ್ಲಿ ಫುಕುಶಿಮಾದಲ್ಲಿ ಘಟಕಗಳು ಭೂಕಂಪ ಆದ ಕೂಡಲೇ ನಿಂತಿದ್ದವು. ನಿಂತ ಮೇಲೆ ತಂಪು ಮಾಡೋ ಪಂಪಿಗೆ ಕರೆಂಟಿರಲಿಲ್ಲ, ಅದೇ ಅನಾಹುತವಾಯಿತು.

ಸಿರುಗುಪ್ಪದ ರೈತನಿಗೆ "ಈ ಸಲ ಕ್ರಾಪ್ ಹಾಲಿಡೇ" ಅಂತ ಹೇಳಬಹುದು, ಹೇಳಿದ್ದಾರೆ ಕೂಡ. ಅಣು ಸ್ಥಾವರಕ್ಕೆ ಹಾಗೆ ಹೇಳೋಕೆ ಬರಲ್ಲ. ಬೇಸಿಗೆಯಲ್ಲಿ ತಳ ಕಾಣೋ, ಗೇಟು ಕಿತ್ತುಹೋಗೋ ಜಲಾಶಯದ ಪಕ್ಕ ಅಂಥ ಒಲೆ ಇಟ್ಟರೆ, ಸುರಕ್ಷತೆಯ ಹೆಸರಿನಲ್ಲಿ ಮೊದಲ ನೀರು ಅದಕ್ಕೇ ಮೀಸಲು. ಅದು ಸರಿಯೂ ಹೌದು, ಅಷ್ಟರಮಟ್ಟಿಗೆ ಬೇರೆ ಆಯ್ಕೆಯೇ ಇರಲ್ಲ. ಅದಕ್ಕೇ ಜಾಗ ಆರಿಸುವಾಗಲೇ ಪ್ರಶ್ನೆ ಕೇಳಬೇಕು, ಕಟ್ಟಿದ ಮೇಲೆ ಅಲ್ಲ.

ಬಿಸಿಲು: ಬಿಸಿ ಬೇರೆ, ಬೆಳಕು ಬೇರೆ

ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅನ್ನೋದು ಹಳೇ ತಮಾಷೆ. "ಇಷ್ಟು ಬಿಸಿಲೈತಿ, ಸೋಲಾರ್ ಹಾಕಿದ್ರ ಮುಗೀತಲ್ಲ" ಅನ್ನೋದು ಅದರ ಮುಂದುವರಿಕೆ. ಇದರಲ್ಲಿ ಅರ್ಧ ನಿಜ ಇದೆ. ಸೋಲಾರ್ ಪ್ಯಾನಲ್ ಕೆಲಸ ಮಾಡೋದು ಬೆಳಕಿನ ಕಣಗಳಿಂದ, ಶಾಖದಿಂದ ಅಲ್ಲ. ಶಾಖ ಅದಕ್ಕೆ ಶತ್ರು. ಪ್ಯಾನಲ್‌ನ ಸಾಮರ್ಥ್ಯ ಅಳೆಯೋದು 25 ಡಿಗ್ರಿಯಲ್ಲಿ. ಅಲ್ಲಿಂದ ಮೇಲೆ ಪ್ರತಿ ಡಿಗ್ರಿಗೆ ಶೇ. 0.35ರಿಂದ 0.4ರಷ್ಟು ಇಳಿಯುತ್ತೆ. ಏಪ್ರಿಲ್ ಮಧ್ಯಾಹ್ನ ಪ್ಯಾನಲ್ 65 ಡಿಗ್ರಿಗೆ ಕಾದರೆ ಶೇ. 15ರಷ್ಟು ಕರೆಂಟು ಬಿಸಿಯಲ್ಲೇ ಕರಗಿಹೋಗುತ್ತೆ. ಆದರೂ ಆಕಾಶ ತಿಳಿಯಾಗಿರೋ ದಿನಗಳು ಹೆಚ್ಚು ಇರೋದರಿಂದ ಈ ಸೀಮೆ ಸೋಲಾರ್‌ಗೆ ಒಳ್ಳೆಯದೇ. ತೊಳೆಯೋ ನೀರು ಬಿಟ್ಟರೆ ಅದಕ್ಕೆ ನೀರೇ ಬೇಡ. ಮೇಲಿನ ಲೆಕ್ಕಗಳನ್ನು ಓದಿದ ಮೇಲೆ ಇದು ಎಷ್ಟು ದೊಡ್ಡ ಮಾತು ಅಂತ ಗೊತ್ತಾಗಬೇಕು.

ಸೋಲಾರ್ ಕೇಳೋದು ಭೂಮಿ. ಒಂದು ಮೆಗಾವ್ಯಾಟಿಗೆ ಸುಮಾರು ಐದು ಎಕರೆ. ಒಂದು ಎಕರೆಯಿಂದ ವರ್ಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಯೂನಿಟ್. ಅದೇ ಎಕರೆಯಲ್ಲಿ 30 ಕ್ವಿಂಟಾಲ್ ಭತ್ತ ಬೆಳೆದು, ಬರೋ ಆರು ಕ್ವಿಂಟಾಲ್ ಹೊಟ್ಟನ್ನು ಸುಟ್ಟು ಕರೆಂಟ್ ಮಾಡಿದರೆ ನಾಲ್ಕುನೂರು ಯೂನಿಟ್ ಸಿಕ್ಕರೆ ಪುಣ್ಯ. ಬಿಸಿಲನ್ನು ಕರೆಂಟ್ ಮಾಡೋದರಲ್ಲಿ ಗಿಡ ಪ್ಯಾನಲ್ಲಿಗೆ ಸಾಟಿಯೇ ಅಲ್ಲ. ಆದರೆ ಬಿಸಿಲನ್ನು ಅನ್ನ ಮಾಡೋದು ಪ್ಯಾನಲ್ಲಿಗೆ ಬರಲ್ಲ.

ಈಗ ಹೈಡ್ರೋಜನ್‌ಗೆ ವಾಪಸ್ ಬನ್ನಿ. ಈಗಿನ 3,800 ಟನ್‌ಗೆ ಹೆಚ್ಚು ಕಡಿಮೆ 20 ಕೋಟಿ ಯೂನಿಟ್ ಸಾಕು. ಆದರೆ ಎರಡೂ ಜೆಎಸ್‌ಡಬ್ಲ್ಯು ಕಂಪನಿಗಳ ನಡುವಿನ ಒಪ್ಪಂದದಲ್ಲಿ 2030ಕ್ಕೆ ವರ್ಷಕ್ಕೆ 85ರಿಂದ 90 ಸಾವಿರ ಟನ್ ಅನ್ನೋ ಗುರಿ ಇದೆ. 90 ಸಾವಿರ ಟನ್‌ಗೆ 460 ಕೋಟಿ ಯೂನಿಟ್‌ಗೂ ಹೆಚ್ಚು ಬೇಕು. ಅದನ್ನು ಪೂರ್ತಿ ಸೋಲಾರ್‌ನಿಂದಲೇ ತೆಗೆಯೋದಾದರೆ ಸುಮಾರು 2,700 ಮೆಗಾವ್ಯಾಟಿನ ಪಾರ್ಕ್ ಬೇಕು. ಪಾವಗಡದ ಇಡೀ ಸೋಲಾರ್ ಪಾರ್ಕ್ ಇರೋದು 2,050 ಮೆಗಾವ್ಯಾಟ್, ಅದು ಹರಡಿರೋದು ಸುಮಾರು 13 ಸಾವಿರ ಎಕರೆ. ಗಾಳಿಯ ಕರೆಂಟ್ ಬೆರೆಸಿದರೆ ಭೂಮಿ ಕಡಿಮೆಯಾಗುತ್ತೆ, ಆದರೂ ಪ್ರಮಾಣ ಅರ್ಥವಾಯಿತಲ್ಲ. ಹೈಡ್ರೋಜನ್‌ನ ಪ್ರಶ್ನೆ ನೀರಿನದ್ದಲ್ಲ, ಭೂಮಿಯದ್ದು.

ಭೂಮಿ ಅಂದ ಕೂಡಲೇ ಬಳ್ಳಾರಿಗೆ ಒಂದು ಹಳೇ ಗಾಯ ನೆನಪಾಗಬೇಕು. ಕುಡಿತಿನಿ, ಹರಗಿನಡೋಣಿ, ವೇಣಿವೀರಾಪುರ ಸುತ್ತ 2010ರ ಆಸುಪಾಸಿನಲ್ಲಿ ಉಕ್ಕು ಕಾರ್ಖಾನೆಗಳಿಗೆ ಅಂತ ಸಾವಿರಾರು ಎಕರೆ ತೆಗೆದುಕೊಂಡರು. ಕಾರ್ಖಾನೆ ಬರಲಿಲ್ಲ, ಕೆಲಸ ಬರಲಿಲ್ಲ. ನ್ಯಾಯವಾದ ಬೆಲೆಗಾಗಿ ಭೂಸಂತ್ರಸ್ತರು 2022ರ ಡಿಸೆಂಬರ್‌ನಿಂದ ಧರಣಿ ಕೂತರು. ನಾಳೆ "ಹಸಿರು ಇಂಧನ" ಅನ್ನೋ ಹೊಸ ಬೋರ್ಡ್ ಹಿಡಿದು ಯಾರಾದರೂ ಬಂದರೆ ಆ ಊರಿನವರು ಮೊದಲು ಹಳೇ ಲೆಕ್ಕ ಕೇಳ್ತಾರೆ. ಕೇಳಲೇಬೇಕು.

ಪಾವಗಡದಲ್ಲಿ ಭೂಮಿ ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರುಮಾಡಿ ಗುತ್ತಿಗೆಗೆ ಪಡೆದರು. ಹಕ್ಕು ರೈತನ ಹತ್ತಿರವೇ ಉಳಿಯಿತು. ಇದು ಕಿತ್ತುಕೊಳ್ಳೋದಕ್ಕಿಂತ ಎಷ್ಟೋ ವಾಸಿ. ಆದರೆ ಬಾಡಿಗೆ ಬಂದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಭೂಮಿಯಲ್ಲಿ ಕೂಲಿ ಮಾಡ್ತಿದ್ದವರಿಗೆ, ಕುರಿ ಮೇಯಿಸ್ತಿದ್ದವರಿಗೆ ಪಹಣಿಯೂ ಇಲ್ಲ, ಬಾಡಿಗೆಯೂ ಇಲ್ಲ. ಸಿರುಗುಪ್ಪ ಸೀಮೆಯಲ್ಲಿ ಗುತ್ತಿಗೆ ರೈತರು, ನಾಟಿ ಕೂಲಿಯವರು ಎಷ್ಟು ಜನ ಅಂತ ಯೋಚಿಸಿ. ಹಾಗೇ ಬಿಟ್ಟರೆ ಅದೇ ಕಥೆ ಇಲ್ಲೂ ಮರುಕಳಿಸುತ್ತೆ.

ಸಂಜೆ ಏಳು ಗಂಟೆಯ ಪ್ರಶ್ನೆ

"ಸೂರ್ಯ ಮುಳುಗಿದ ಮೇಲೆ ಏನು ಮಾಡ್ತೀರಿ?" ಅಂತ ಕಲ್ಲಿದ್ದಲಿನ ಪರ ಇರುವವರು ಕೇಳ್ತಾರೆ. ಸರಿಯಾದ ಪ್ರಶ್ನೆ. ಉತ್ತರ ಒಂದಲ್ಲ, ಮೂರು.

ಮೊದಲನೆಯದು ಗಾಳಿ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎಂಟು ಪಟ್ಟಾಗುತ್ತೆ. ಉತ್ತರ ಕರ್ನಾಟಕದಲ್ಲಿ ಗಾಳಿ ಜೋರಾಗೋದು ಜೂನ್‌ನಿಂದ ಸೆಪ್ಟೆಂಬರ್, ಅಂದರೆ ಮೋಡ ಕವಿದು ಸೋಲಾರ್ ಕಡಿಮೆಯಾಗೋ ಹೊತ್ತಿಗೇ. ಪ್ರಕೃತಿಯೇ ಕೊಟ್ಟ ಜೋಡಿ ಇದು.

ಎರಡನೆಯದು ಸಂಗ್ರಹ. ಹಗಲಿನ ಕರೆಂಟಿನಲ್ಲಿ ನೀರನ್ನು ಮೇಲಕ್ಕೆ ಎತ್ತಿ, ಸಂಜೆ ಇಳಿಸೋದು. ಹಾಕಿದ್ದರಲ್ಲಿ ಮುಕ್ಕಾಲು ಭಾಗ ವಾಪಸ್ ಸಿಗುತ್ತೆ, ಹೈಡ್ರೋಜನ್‌ಗಿಂತ ಎಷ್ಟೋ ಮೇಲು. ಆದರೆ ಸಾವಿರ ಲೀಟರ್ ನೀರನ್ನು ನೂರು ಮೀಟರ್ ಎತ್ತರಕ್ಕೆ ಎತ್ತಿದರೂ ಅದರಲ್ಲಿ ಇರೋದು ಕಾಲು ಯೂನಿಟ್. ಅದಕ್ಕೇ ದೊಡ್ಡ ಎತ್ತರ, ದೊಡ್ಡ ಕೆರೆ ಬೇಕು, ಅದಕ್ಕೇ ಎಲ್ಲರ ಕಣ್ಣು ಘಟ್ಟದ ಮೇಲೆ. ಶರಾವತಿಯ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಗೆ ಮಲೆನಾಡು ಯಾಕೆ ವಿರೋಧಿಸ್ತಿದೆ ಅನ್ನೋದನ್ನು ಬಯಲುಸೀಮೆಯವರೂ ಕೇಳಿಸಿಕೊಳ್ಳಬೇಕು. ನಮ್ಮ ಸಂಜೆಯ ದೀಪಕ್ಕೆ ಇನ್ನೊಬ್ಬರ ಕಾಡು ಹೋಗಬಾರದು. ಬ್ಯಾಟರಿಗೆ ಬೆಟ್ಟ ಬೇಡ, ನಾಲ್ಕಾರು ಗಂಟೆಯ ಸಂಗ್ರಹಕ್ಕೆ ಅದು ಸೈ.

ಮೂರನೆಯದು ಅತೀ ಸುಲಭದ್ದು, ಬೇಡಿಕೆಯನ್ನೇ ಹಗಲಿಗೆ ತರೋದು. ರಾಜ್ಯದ ಕೃಷಿ ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ಕರೆಂಟ್ ಹಗಲಿನಲ್ಲೇ ಕೊಟ್ಟರೆ ಯಾವ ಬ್ಯಾಟರಿಯೂ ಬೇಡ. ಎತ್ತಿದ ನೀರೇ ಸಂಗ್ರಹ. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಹಾವು ಚೇಳಿನ ನಡುವೆ ಮೋಟಾರ್ ಹಾಕೋಕೆ ಹೋಗೋದೂ ತಪ್ಪುತ್ತೆ. ಸಬ್‌ಸ್ಟೇಷನ್ ಪಕ್ಕದಲ್ಲೇ ಸಣ್ಣ ಸೋಲಾರ್ ಘಟಕ ಹಾಕಿ ಪಂಪ್‌ಸೆಟ್ ಫೀಡರ್‌ಗೆ ಕರೆಂಟ್ ಕೊಡೋ ಕುಸುಮ್ ಯೋಜನೆಯ ಮೂಲ ವಿಚಾರ ಇದೇ. ಹತ್ತು ಸಾವಿರ ಎಕರೆಯ ಒಂದು ಪಾರ್ಕ್‌ಗಿಂತ ಹತ್ತೆಕರೆಯ ಸಾವಿರ ಘಟಕಗಳು ಊರಿಗೆ ಹತ್ತಿರ, ಊರಿನ ಹಿಡಿತದಲ್ಲೂ ಇರಬಹುದು.

ಭೌತಶಾಸ್ತ್ರ ಎಲ್ಲಿ ನಿಲ್ಲುತ್ತೆ

ಇಷ್ಟು ಲೆಕ್ಕದಿಂದ ಗೊತ್ತಾಗೋದು ಏನು? ಯಾವ ಮೂಲವೂ ಪುಕ್ಕಟೆ ಅಲ್ಲ. ಕಲ್ಲಿದ್ದಲು ಗಾಳಿಯನ್ನೂ ನೀರನ್ನೂ ಕೇಳುತ್ತೆ, ಅಣು ನೀರನ್ನೂ ನೂರಾರು ವರ್ಷದ ಕಾವಲನ್ನೂ ಕೇಳುತ್ತೆ, ಸೋಲಾರ್ ಭೂಮಿಯನ್ನು ಕೇಳುತ್ತೆ, ಹೈಡ್ರೋಜನ್ ಇವೆಲ್ಲದರಿಂದ ಬಂದ ಕರೆಂಟನ್ನು ಕೇಳುತ್ತೆ. ಎಷ್ಟು ಕೇಳುತ್ತೆ ಅನ್ನೋದನ್ನು ಭೌತಶಾಸ್ತ್ರ ಹೇಳುತ್ತೆ. ಯಾರಿಂದ ಕೇಳುತ್ತೆ ಅನ್ನೋದನ್ನು ತೀರ್ಮಾನಿಸೋದು ರಾಜಕೀಯ.

ಬಳ್ಳಾರಿಯ ಯುವಕರು ಈ ಮೂರು ಲೆಕ್ಕಗಳನ್ನು ಬಹಿರಂಗವಾಗಿ ಕೇಳಬೇಕು ಅಂತ ನನ್ನ ಅಭಿಪ್ರಾಯ. ಒಂದು, ತುಂಗಭದ್ರೆಯಿಂದ ಪ್ರತಿ ಕೈಗಾರಿಕೆ, ಪ್ರತಿ ವಿದ್ಯುತ್ ಸ್ಥಾವರ ತಿಂಗಳಿಗೆ ಎಷ್ಟು ನೀರು ಎತ್ತುತ್ತೆ, ಕಾಲುವೆ ಬಂದ್ ಆದ ತಿಂಗಳಲ್ಲಿ ಎಷ್ಟು ಎತ್ತಿತು ಅನ್ನೋದು ಗ್ರಾಮ ಪಂಚಾಯಿತಿಯ ಬೋರ್ಡಿನ ಮೇಲೆ ಬರಲಿ. ಎರಡು, ಹಸಿರು ಇಂಧನಕ್ಕೆ ಹೊಸದಾಗಿ ಒಂದು ಎಕರೆ ಕೇಳುವ ಮೊದಲು ಕುಡಿತಿನಿಯ ಸಂತ್ರಸ್ತರ ಲೆಕ್ಕ ಚುಕ್ತಾ ಆಗಲಿ, ಮುಂದೆ ಕೊಡೋ ಬಾಡಿಗೆಯಲ್ಲಿ ಗುತ್ತಿಗೆದಾರ ಮತ್ತು ಕೂಲಿಯವರ ಪಾಲು ಬರೆದಿಡಲಿ. ಮೂರು, ತುಂಗಭದ್ರಾ ಕೊಳ್ಳದಲ್ಲಿ ಅಣು ಸ್ಥಾವರದ ಮಾತು ಬಂದರೆ, ಜಲಾಶಯದ ಅತಿ ಕೆಟ್ಟ ಬೇಸಿಗೆಯ ನೀರಿನ ಲೆಕ್ಕ ಮೊದಲು ಜನರ ಮುಂದೆ ಬರಲಿ.

ಗೇಟು ಬದಲಾಗುತ್ತೆ, ಕಾಲುವೆಗೆ ಮತ್ತೆ ನೀರು ಬರುತ್ತೆ. ಒಂದು ಬೆಳೆ ಕಳಕೊಂಡ ಕರೂರಿನ ಕೂಲಿ ಕುಟುಂಬ ಆ ಹೊತ್ತಿಗೆ ಬೆಂಗಳೂರಿನ ಯಾವುದೋ ಕಟ್ಟಡದ ಕೆಲಸದಲ್ಲಿರಬಹುದು. ಅವರು ಕಟ್ಟುತ್ತಿರೋ ಆ ಕಟ್ಟಡದ ಉಕ್ಕು ತೋರಣಗಲ್ಲಿನದೇ ಇರಬಹುದು. ಲಿಫ್ಟಿನ ಕರೆಂಟು ಕುಡಿತಿನಿಯದೇ ಇರಬಹುದು. ಕಳಕೊಂಡ ಬೆಳೆಗೆ ಪರಿಹಾರ ಎಷ್ಟು, ಯಾವಾಗ, ಪಹಣಿ ಇಲ್ಲದವರಿಗೂ ಉಂಟಾ ಅನ್ನೋದನ್ನು ಮಾತ್ರ ಅವರಿಗೆ ಯಾರೂ ಹೇಳಿಲ್ಲ.